ಜರಡಿಯ ಕಣ್ಣು ನಮ್ಮ ಬೀಜಕ್ಕೆ ಹೊಂದಬೇಕು



ಕಾಫಿ ಕ್ಯೂರಿಂಗ್ ಕಾರ್ಖಾನೆಯನ್ನು ಒಮ್ಮೆಯಾದರೂ ಕಂಡವರಿಗೆ ಜರಡಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಚಪ್ಪಟೆ ಬೀಜಕ್ಕೆ ದುಂಡು ಕಣ್ಣಿನ ಜರಡಿ, ಪೀಬೆರಿಗೆ ಉದ್ದ ಕಣ್ಣಿನ ಜರಡಿ. ಒಂದರ ಜರಡಿಗೆ ಇನ್ನೊಂದನ್ನು ಸುರಿದರೆ ತಪ್ಪು ಬೀಜದ್ದಲ್ಲ, ಜರಡಿಯದೂ ಅಲ್ಲ. ಹೊಂದಿಕೆ ನೋಡದೆ ಸುರಿದವರದು. ಕಾಗಿನೆಲೆಯ ಸುತ್ತಿನ ನಾವು ಕಾಫಿಯವರಲ್ಲ, ಬೋರಿನ ನೀರು ನಂಬಿ ಅಡಿಕೆ ಇಟ್ಟವರು. ಆದರೂ ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಿ ಇಡುವ ನಮಗೂ ಈ ಮಾತು ತಿಳಿಯುತ್ತದೆ.

ಈಗ ಮನುಷ್ಯನ ಮನಸ್ಸಿಗೂ ಒಂದು ಬಗೆಯ ಜರಡಿ ಬಂದಿದೆ. ಅದರ ಹೆಸರು ಪ್ರಶ್ನಾವಳಿ. ಮೂವತ್ತು ವಯಸ್ಸು ದಾಟಿದವರ ಬಿ.ಪಿ., ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ಮನೆ ಮನೆಯಲ್ಲಿ ತುಂಬಿಸಿಕೊಳ್ಳುವ ನಮೂನೆಯ ಕೊನೆಯ ಭಾಗದಲ್ಲಿ ಮನಸ್ಸಿಗೆ ಸಂಬಂಧಿಸಿದ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಕೆಲಸಕಾರ್ಯಗಳಲ್ಲಿ ಆಸಕ್ತಿ, ಸಂತೋಷ ಕಡಿಮೆಯಾಗಿದೆಯೇ ಎಂಬುದು ಒಂದು. ಖಿನ್ನತೆ, ನಿರಾಶೆ ಕಾಡಿದೆಯೇ ಎಂಬುದು ಇನ್ನೊಂದು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಎರಡೂ ಸೇರಿ ಮೂರಕ್ಕಿಂತ ಹೆಚ್ಚಾದರೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಉದ್ದೇಶ ಒಳ್ಳೆಯದು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಈ ಜರಡಿಯ ಕಣ್ಣು ನಮ್ಮ ಬೀಜಕ್ಕೆ ಹೊಂದಿದೆಯೇ ಎಂಬ ಬಗ್ಗೆ ಎರಡು ಮಾತು ಹೇಳಲೇಬೇಕಾಗಿದೆ. ಹೇಳಲು ಕಾರಣವಾದ ಸಂಗತಿಯನ್ನು ಮೊದಲು ತಿಳಿಸುತ್ತೇವೆ.

ಒಂದು ಬೇಸಿಗೆಯಲ್ಲಿ ಕಾಗಿನೆಲೆಗೆ ಸಮೀಪದ ಹಳ್ಳಿಯೊಂದಕ್ಕೆ ನಾವು ತೋಟ ನೋಡಲು ಹೋಗಿದ್ದೆವು. ಮೂರು ಎಕರೆ ಅಡಿಕೆ, ಬೋರು ಬತ್ತಿತ್ತು. ಟ್ಯಾಂಕರಿನಲ್ಲಿ ನೀರು ತರಿಸಿ ಗಿಡ ಉಳಿಸಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಬಂದರು. ಅದೇ ಊರಿನ ಹೆಣ್ಣುಮಗಳು, ಮನೆಯವರೆಲ್ಲ ಬಲ್ಲವರು. ಪಡಸಾಲೆಯಲ್ಲಿ ಯಜಮಾನ, ಅವನ ತಾಯಿ, ಹೆಂಡತಿ, ಪಕ್ಕದ ಮನೆಯ ಇಬ್ಬರು, ಮೇಲೆ ನಾವು.

“ಯಣ್ಣಾ, ಎರಡು ವಾರದಾಗ ಆಸಕ್ತಿ ಕಡಿಮಿ ಆಗೈತೇನು?”

“ಇಲ್ಲ.”

“ಖಿನ್ನತೆ ಐತೇನು?”

“ಹಂಗಂದ್ರ ಏನವಾ ತಂಗಿ?”

“ಅದ, ಬ್ಯಾಸರ.”

“ಬ್ಯಾಸರ ಯಾರಿಗಿಲ್ಲ? ಇಲ್ಲಂತ ಬರಕೋ.”

ಎರಡು ಸೊನ್ನೆ ಬಿದ್ದವು. ಆಕೆಯ ತಪ್ಪೇನೂ ಇಲ್ಲ. ಹಾಳೆಯಲ್ಲಿದ್ದುದನ್ನು ಓದಿದಳು, ಹೇಳಿದ್ದನ್ನು ಬರೆದಳು. ಅನಂತರ ನಾವು ಮೋಟಾರು ಶೆಡ್ಡಿನ ಕಡೆ ನಡೆದಾಗ ಆತ ತಾನಾಗಿಯೇ ಹೇಳಿದ: “ಒಂದು ತಿಂಗಳಾತ್ರಿ, ಕಣ್ಣಿಗೆ ನಿದ್ದಿ ಹತ್ತವಲ್ದು. ಎದಿ ಮ್ಯಾಲ ಕಲ್ಲು ಇಟ್ಟಂಗ ಆಗೈತಿ. ತ್ವಾಟಕ್ಕ ಹೋಗಾಕ ಉಮೇದನ ಇಲ್ಲ.”

ಓದುಗರು ಗಮನಿಸಬೇಕು. ಪಡಸಾಲೆಯಲ್ಲಿ “ಆಸಕ್ತಿ” ಎಂದು ಕೇಳಿದ್ದಕ್ಕೆ ಉತ್ತರ ಶೆಡ್ಡಿನ ಬಳಿ “ಉಮೇದು” ಎಂಬ ಮಾತಿನಲ್ಲಿ ಬಂತು. ಪ್ರಶ್ನೆ ಒಂದೇ, ಉತ್ತರವೂ ಸಿದ್ಧವಾಗಿತ್ತು; ಎರಡೂ ಒಂದನ್ನೊಂದು ಭೇಟಿಯಾಗಲಿಲ್ಲ. ನಾವಾದರೂ ಅದನ್ನು ನೀರಿನ ಚಿಂತೆ ಎಂದುಕೊಂಡು, “ಮಳೆ ಬಂದ್ರ ಎಲ್ಲಾ ಸರಿ ಹೋಗತೈತಿ” ಎಂದು ಸಮಾಧಾನ ಹೇಳಿ ಬಂದೆವು. ತಿಂಗಳು ಕಳೆಯುವುದರೊಳಗೆ ಆತನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಬದುಕಿಕೊಂಡ. ಈಗ ಔಷಧೋಪಚಾರ ಪಡೆದು ತೋಟಕ್ಕೆ ಹೋಗುತ್ತಿದ್ದಾನೆ. ಆತನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ. ಆದರೆ ಆ ಎರಡು ಸೊನ್ನೆಗಳು ನಮ್ಮ ಕಣ್ಣ ಮುಂದಿನಿಂದ ಹೋಗಿಲ್ಲ.

ಇಂಥ ಪ್ರಶ್ನಾವಳಿಗಳು ಹುಟ್ಟಿದ್ದು ಎಲ್ಲಿ? ಆಶಾ ನಮೂನೆಯ ಎರಡು ಪ್ರಶ್ನೆಗಳು ಅಮೆರಿಕದ ವೈದ್ಯರು ತಮ್ಮ ಚಿಕಿತ್ಸಾಲಯಗಳಿಗೆ ಬರುವ ರೋಗಿಗಳಿಗಾಗಿ ಸಿದ್ಧಪಡಿಸಿದ ಒಂಬತ್ತು ಪ್ರಶ್ನೆಗಳ ಪಟ್ಟಿಯಿಂದ ಆರಿಸಿದವು. ಆದರೆ ಬಡ ರಾಷ್ಟ್ರಗಳ ಹಳ್ಳಿಗಾಡನ್ನು ಗಮನದಲ್ಲಿಟ್ಟುಕೊಂಡ ಯತ್ನ ಅದಕ್ಕೂ ಹಿಂದೆಯೇ ನಡೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 1975ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಭಾರತ, ಕೊಲಂಬಿಯ, ಸೆನೆಗಲ್, ಸುಡಾನ್ ಮೊದಲಾದ ಏಳು ದೇಶಗಳು ಪಾಲುಗೊಂಡವು. ಹೌದು–ಇಲ್ಲ ಎಂದು ಉತ್ತರಿಸಬಹುದಾದ ಇಪ್ಪತ್ತು ಪ್ರಶ್ನೆಗಳ ಪಟ್ಟಿಯೊಂದು ಅದರಿಂದ ಹೊರಬಂತು. ತಲೆನೋವು ಇದೆಯೇ, ಹಸಿವು ಕಡಿಮೆಯೇ, ನಿದ್ದೆ ಸರಿಯಿಲ್ಲವೇ, ಕೈ ನಡುಗುತ್ತವೆಯೇ, ಹೊಟ್ಟೆಯಲ್ಲಿ ಸಂಕಟವೇ ಎಂದು ಅದು ದೇಹದಿಂದ ಆರಂಭಿಸಿ ಮನಸ್ಸಿನ ಕಡೆ ಹೋಗುತ್ತದೆ. ಎಷ್ಟು “ಹೌದು” ಬಂದರೆ ವೈದ್ಯರ ಬಳಿ ಕಳಿಸಬೇಕು ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಆಯಾ ಜಾಗದಲ್ಲಿ ಪರೀಕ್ಷಿಸಿಯೇ ನಿರ್ಧರಿಸಬೇಕು. ಜರಡಿಯ ಕಣ್ಣು ಎಲ್ಲ ಕಡೆಗೂ ಒಂದೇ ಆಗಲಾರದು ಎಂಬುದನ್ನು ಅದನ್ನು ಮಾಡಿದವರೇ ಒಪ್ಪಿದ್ದಾರೆ.

ನಮ್ಮ ನಾಡಿಗೂ ಈ ಕೆಲಸ ಹೊಸದಲ್ಲ. ಉಡುಪಿಯ ಕಡೆಯ ಕೋಟದಲ್ಲಿ ಮಾನಸಿಕ ತಜ್ಞರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಮನೆ ಮನೆಗೆ ಹೋಗಿ ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳ ಜನರನ್ನು ಮಾತನಾಡಿಸಿದರು. ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಅವರು ಪರದೇಶದ ಪಟ್ಟಿಯನ್ನೇ ಭಾಷಾಂತರಿಸಿ ಕೈಗೆ ಹಿಡಿದು ಹೊರಡಲಿಲ್ಲ; ಭಾರತದ ಜನರಿಗೆ ಒಪ್ಪುವ ಬೇರೆಯೇ ಸಂದರ್ಶನ ಕ್ರಮವನ್ನು ರಚಿಸಿಕೊಂಡರು. ಆ ಊರಿನ ಜನ ಕಷ್ಟ ಬಂದಾಗ ವೈದ್ಯ, ಮಂತ್ರವಾದಿ, ಪಾತ್ರಿ ಈ ಎಲ್ಲರ ಬಳಿಗೂ ಹೋಗುತ್ತಾರೆ ಎಂಬುದನ್ನು ಹಾಸ್ಯ ಮಾಡದೆ ದಾಖಲಿಸಿದರು.

ಅನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಅಲ್ಲಿದ್ದ ಕಪೂರ್ ಮತ್ತು ಮೋಹನ್ ಐಸಾಕ್ ಅವರು, ಇತರರಲ್ಲಿ ಕಂಡ ಲಕ್ಷಣಗಳನ್ನು ಕೇಳಿ ತೀವ್ರ ಮಾನಸಿಕ ರೋಗವನ್ನೂ ಮೂರ್ಛೆ ರೋಗವನ್ನೂ ಕಡಿಮೆ ಖರ್ಚಿನಲ್ಲಿ ಪತ್ತೆ ಮಾಡುವ ವಿಧಾನವನ್ನು 1978ರಲ್ಲಿ ಪ್ರಕಟಿಸಿದರು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಒದಗಿಸಲಾಯಿತು. ದೇಶವು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಮಾದರಿಯಾದದ್ದು ಇದೇ ಬಳ್ಳಾರಿ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಒಬ್ಬಾತ ಬಟ್ಟೆಯ ಪರಿವೆಯಿಲ್ಲದೆ ಅಲೆದರೆ, ಫಿಟ್ಸ್ ಬಂದು ಬಿದ್ದರೆ, ಊರಿಗೇ ಕಾಣುತ್ತದೆ. ನೆರೆಯವರನ್ನು ಕೇಳಿದರೂ ತಿಳಿಯುತ್ತದೆ. ಆದರೆ ಎದೆಯ ಮೇಲಿನ ಕಲ್ಲು ಯಾರಿಗೂ ಕಾಣದು. ಅದನ್ನು ಹೊತ್ತವನೇ ಹೇಳಬೇಕು, ತನ್ನ ಮಾತಿನಲ್ಲಿ ಹೇಳಬೇಕು. ಮಾತಿನ ಹೊಂದಿಕೆ ಅತಿ ಮುಖ್ಯವಾಗುವುದು ಇಲ್ಲಿಯೇ.

ಕೆಲವು ಪ್ರಶ್ನೆಗಳನ್ನೇ ಎತ್ತಿಕೊಂಡು ನೋಡೋಣ.

“ಎರಡು ವಾರ” ಎಂಬ ಲೆಕ್ಕ ಪಟ್ಟಣದ ನೌಕರರಿಗೆ ಸರಿ. ನಮ್ಮ ಮುದುಕಿಯರನ್ನು ಕೇಳುವುದಾದರೆ “ಹೋದ ಅಮಾಸಿಯಿಂದ ಈ ಹುಣ್ಣಿಮಿತನ” ಎನ್ನಬೇಕು, ಇಲ್ಲವೇ “ಎರಡು ಸಂತಿಯಿಂದ” ಎನ್ನಬೇಕು. ಅವಧಿ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿ ನೆನಪು ನಿಲ್ಲುತ್ತದೆ. “ಅರ್ಧಕ್ಕಿಂತ ಹೆಚ್ಚು ದಿನ” ಎಂಬ ಆಯ್ಕೆ ಇನ್ನೂ ಕಷ್ಟ. ನಾಲ್ಕು ಕಾಳು ಮುಂದಿಟ್ಟು, ಸುಮ್ಮನೆ ಒಂದೆರಡು ದಿನವಾದರೆ ಒಂದು ಕಾಳು, ದಿನಾ ಆದರೆ ಮೂರು ಕಾಳು ಎಂದರೆ ಅಕ್ಷರ ಬಾರದವರೂ ಸರಿಯಾಗಿ ತೋರಿಸುತ್ತಾರೆ. ಎಲೆ ಅಡಿಕೆಯ ಲೆಕ್ಕ ಇಡುವವರಿಗೆ ಇದನ್ನು ಕಲಿಸಬೇಕಾಗಿಲ್ಲ.

“ದಿನದ ಕೆಲಸ ಕೆಡುತ್ತಿದೆಯೇ?” ಎಂಬುದೊಂದು ಪ್ರಶ್ನೆ. ಗಂಡಸು ಒಂದು ದಿನ ತೋಟಕ್ಕೆ ಹೋಗದಿರಬಹುದು. ಹೆಂಗಸು ಎಮ್ಮೆಯ ಹಾಲು ಕರೆಯದೆ, ರೊಟ್ಟಿ ಬಡಿಯದೆ ಇರಲಾರಳು. ಮನಸ್ಸು ಮುರಿದಿದ್ದರೂ ಕೈ ನಡೆಯುತ್ತಲೇ ಇರುತ್ತದೆ. ಆಕೆ “ಕೆಲಸ ಕೆಟ್ಟಿಲ್ಲ” ಎಂದರೆ ಸುಳ್ಳಲ್ಲ. ಆದರೆ ಅದರಿಂದ ಆಕೆ ಚೆನ್ನಾಗಿದ್ದಾಳೆ ಎಂದು ತೀರ್ಮಾನಿಸುವುದು ತಪ್ಪು. “ನಿರ್ಧಾರ ತೆಗೆದುಕೊಳ್ಳಲು ಕಷ್ಟವಾಗುತ್ತದೆಯೇ?” ಎಂದು ಹೊಸ ಸೊಸೆಯನ್ನು ಕೇಳಿದರೆ ಆಕೆ ಏನು ಹೇಳಬೇಕು? ನಿರ್ಧಾರವನ್ನು ಆಕೆಗೆ ಬಿಟ್ಟವರಾದರೂ ಯಾರು?

ಇಪ್ಪತ್ತರ ಪಟ್ಟಿಗೆ ತೀವ್ರ ರೋಗಗಳಿಗಾಗಿ ಇನ್ನೂ ನಾಲ್ಕು ಪ್ರಶ್ನೆಗಳನ್ನು ಸೇರಿಸಿದ್ದುಂಟು. “ಯಾರೋ ನಿಮಗೆ ಕೇಡು ಮಾಡಲು ನೋಡುತ್ತಿದ್ದಾರೆ ಎನಿಸುತ್ತದೆಯೇ?” ಎಂಬುದು ಅದರಲ್ಲಿ ಒಂದು. ಬದುವಿನ ವ್ಯಾಜ್ಯ, ಪಾಲಿನ ಮೊಕದ್ದಮೆ ಇರುವ ಮನೆಗಳಲ್ಲಿ ಇದಕ್ಕೆ ಯಾರು ಇಲ್ಲವೆಂದಾರು? “ಜನ ತಿಳಿದದ್ದಕ್ಕಿಂತ ನೀವು ದೊಡ್ಡ ಮನುಷ್ಯರೇ?” ಎಂದು ಚುನಾವಣೆ ಹತ್ತಿರವಿದ್ದಾಗ ನಮ್ಮ ಸಂಘದ ಸಭೆಯಲ್ಲಿ ಕೇಳಿದರೆ ಅರ್ಧ ಸಭೆಯನ್ನೇ ಧಾರವಾಡಕ್ಕೆ ಕಳಿಸಬೇಕಾದೀತು! ಬೇರೆಯವರಿಗೆ ಕೇಳದ ಧ್ವನಿ ಕೇಳುತ್ತದೆಯೇ ಎಂಬ ಪ್ರಶ್ನೆಯನ್ನು ರಾಣೆಬೆನ್ನೂರಿನ ದೇವರಗುಡ್ಡದಲ್ಲಿ ಕಾರಣಿಕ ನುಡಿಯುವ ಗೊರವಯ್ಯನಿಗೆ ಕೇಳುವಾಗ ಎಷ್ಟು ಎಚ್ಚರ ಬೇಕು! ಆತ ರೋಗಿಯಲ್ಲ. ಹಾಗೆಯೇ, ಮೈಮೇಲೆ ದೇವರು ಬರುತ್ತದೆ ಎಂದು ಮನೆಯವರು ಹೇಳುವ ಮಾತ್ರಕ್ಕೆ ಬಳಲಿದ ಹೆಣ್ಣುಮಗಳನ್ನು ಚಿಕಿತ್ಸೆಯಿಲ್ಲದೆ ಬಿಡುವುದೂ ಸಲ್ಲದು. ಎರಡನ್ನೂ ಬೇರ್ಪಡಿಸಬಲ್ಲ ಪ್ರಶ್ನೆ ಬೇಕು: “ಇದರಿಂದ ನಿಮಗೆ ತ್ರಾಸ ಆಗತೈತೇನು? ಜಾತ್ರಿ ಬಿಟ್ಟು ಉಳಿದ ದಿನಾನೂ ಆಗತೈತೇನು?”

ಇನ್ನು ನಮ್ಮ ಜನ ತಾವಾಗಿ ಆಡುವ ಮಾತುಗಳನ್ನು ನೋಡಿ. ಎದಿ ಡವಡವ, ನೆತ್ತಿ ಉರಿ, ಕೈಕಾಲು ಸೋತು ಬರುವುದು, ತಲಿ ಭಾರ, ಜೀವ ಬ್ಯಾಸತ್ತಿದೆ, ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಇವು ಯಾವ ಪುಸ್ತಕದಲ್ಲಿ ಇಲ್ಲದಿದ್ದರೂ ಪ್ರತಿ ಮನೆಯಲ್ಲಿವೆ. ಇವು ಅಜ್ಞಾನದ ಮಾತುಗಳೆಂದು ತಿಳಿಯಬಾರದು. ಬೆಂಗಳೂರಿನಲ್ಲಿ ರಘುರಾಮ್ ಮತ್ತು ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿನ ಕುಗ್ಗುವಿಕೆ ಹೆಚ್ಚಿದಷ್ಟೂ ಜನಾಪವಾದದ ಅಂಜಿಕೆ ಹೆಚ್ಚು, ದೇಹದ ನೋವುಗಳ ವಿಷಯದಲ್ಲಿ ಹಾಗಿಲ್ಲ ಎಂದು ಕಂಡುಬಂತು. ಮನಸ್ಸು ಸರಿಯಿಲ್ಲವೆಂದರೆ ಮಗಳ ಮದುವೆ ನಿಲ್ಲುತ್ತದೆ. ಕೈಕಾಲು ಹರಿಯುತ್ತವೆ ಎಂದರೆ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಜನ ದೇಹದ ಹೆಸರಿನಲ್ಲಿ ಮನಸ್ಸಿನ ಮಾತು ಆಡುವುದರಲ್ಲಿ ಜಾಣತನವೇ ಇದೆ. ಪ್ರಶ್ನಾವಳಿಯು ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಹಾಗೆ ಹೋದರೆ ಫಲವುಂಟು ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಆಫ್ರಿಕದ ಜಿಂಬಾಬ್ವೆ ದೇಶದ ಶೋನಾ ಜನ ಇಂಥ ಬೇನೆಗೆ “ಕುಫುಂಗಿಸಿಸಾ” ಎನ್ನುತ್ತಾರೆ. ಅತಿಯಾಗಿ ಯೋಚಿಸುವುದು ಎಂದು ಅರ್ಥ. ನಾವು “ಚಿಂತಿ ಹಚ್ಚಿಕೊಂಡಾನ” ಎನ್ನುವುದಿಲ್ಲವೇ, ಹಾಗೆ. ಗೋವೆಯ ಕೆಲಸದಿಂದ ನಮಗೆ ಪರಿಚಿತರಾದ ಡಾ. ವಿಕ್ರಮ್ ಪಟೇಲ್ ಅವರು ಅದಕ್ಕೂ ಮೊದಲು ಅಲ್ಲಿದ್ದಾಗ, ಆ ಜನರ ಮಾತುಗಳಿಂದಲೇ ಹದಿನಾಲ್ಕು ಪ್ರಶ್ನೆಗಳ ಪಟ್ಟಿ ತಯಾರಾಯಿತು. 2006ರಲ್ಲಿ ಡಾ. ಡಿಕ್ಸನ್ ಚಿಬಾಂಡ ಅವರು ಹರಾರೆ ನಗರದಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕೂರಿಸಿ, ಅದೇ ಪಟ್ಟಿ ಹಿಡಿದು ಜನರೊಡನೆ ಮಾತನಾಡಿಸಿದರು. ಹೀಗೆ ನೆರವು ಪಡೆದವರ ಬಾಧೆ, ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಬಹಳ ಕಡಿಮೆಯಾದದ್ದು 2016ರ ವರದಿಯಲ್ಲಿ ಪ್ರಕಟವಾಗಿದೆ. ಅಜ್ಜಿಯರಿಗೆ ನಮ್ಮಲ್ಲೇನು ಕೊರತೆ? ಬೆಂಚಿನ ಬದಲು ನಮಗೆ ಕಟ್ಟೆಗಳಿವೆ.

ಮಾತಿನಷ್ಟೇ ಮುಖ್ಯವಾದದ್ದು ಕೇಳುವ ಜಾಗ. ಯಾರೂ ಕಾಣದ ಕಡೆ ಬಾಳೆಹಣ್ಣು ತಿಂದು ಬಾ ಎಂದು ಗುರು ಕಳಿಸಿದಾಗ, ಅಂಥ ಜಾಗ ಸಿಗದೆ ಹಣ್ಣನ್ನು ಹಾಗೆಯೇ ತಂದ ಕನಕದಾಸರ ಕಥೆ ಕಾಗಿನೆಲೆಯ ಮಕ್ಕಳಿಗೆಲ್ಲ ಗೊತ್ತು. ನಮ್ಮ ಹಳ್ಳಿಯ ಮನೆಗಳ ಸ್ಥಿತಿಯೂ ಅದೇ. ಯಾರೂ ಕೇಳದ ಜಾಗ ಸಿಗದು. ಅತ್ತೆಯ ಮುಂದೆ ಸೊಸೆ, ಮಗನ ಮುಂದೆ ತಂದೆ, ಸಾಲ ಕೊಟ್ಟವನ ಮುಂದೆ ಸಾಲಗಾರ, ಮಾಲಿಕನ ಮುಂದೆ ಆಳು ಬಾಯಿ ಬಿಡುವುದಿಲ್ಲ. ಜೀವ ಬೇಡವೆನಿಸಿದೆಯೇ ಎಂಬ ಪ್ರಶ್ನೆಯನ್ನಂತೂ ಒಬ್ಬರನ್ನೇ ಕೂರಿಸಿಕೊಂಡು ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಹಲವರಿಗಿದೆ. ಅದು ನಿಜವಲ್ಲವೆಂದು ತಜ್ಞರು ಪರೀಕ್ಷಿಸಿ ಹೇಳಿದ್ದಾರೆ. ಕೇಳಿದಾಗ ಹಲವರಿಗೆ ಎದೆ ಹಗುರವಾಗುತ್ತದೆ. ಪೊಲೀಸ್ ಕೇಸಿನ ಅಂಜಿಕೆಯೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಸರ್ಕಾರ ಆರೈಕೆ ಕೊಡಬೇಕು ಎನ್ನುತ್ತದೆ.

ಈಗ ಕೆಲವು ಸದಸ್ಯರು ಕೇಳಬಹುದು: “ಕೊಳೆ ರೋಗ, ಎಲೆಚುಕ್ಕಿ, ಕಾಂಡಕೊರಕ, ಬತ್ತಿದ ಬೋರು, ಬ್ಯಾಂಕಿನ ನೋಟೀಸು ಇವು ನಮ್ಮ ಬೇನೆ. ಪ್ರಶ್ನೆ ಕೇಳಿದರೆ ಸಾಲ ತೀರುತ್ತದೆಯೇ?” ತೀರುವುದಿಲ್ಲ. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಬೆಲೆ, ನೀರು, ಸಾಲ ಇವುಗಳ ಹೋರಾಟವನ್ನು ಬಿಟ್ಟು ಎಲ್ಲವನ್ನೂ ಮನೋರೋಗವೆಂದು ಹಣೆಪಟ್ಟಿ ಹಚ್ಚಿದರೆ ನಾವೂ ವಿರೋಧಿಸುತ್ತೇವೆ. ಆದರೆ ಒಂದೇ ಸಾಲ, ಒಂದೇ ಬರ ಇಬ್ಬರ ಮೇಲೆ ಬಿದ್ದಾಗ ಒಬ್ಬ ನಿಲ್ಲುತ್ತಾನೆ, ಇನ್ನೊಬ್ಬ ಬೀಳುತ್ತಾನೆ. ಬೀಳುವವನನ್ನು ಬೀಳುವ ಮೊದಲೇ ಗುರುತಿಸಿದರೆ ಸಾಲದ ವಿರುದ್ಧ ಹೋರಾಡಲು ಆತ ನಮ್ಮೊಡನೆ ಇರುತ್ತಾನೆ. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಚಿಕಿತ್ಸೆ ಬೇಕಾದಂಥ ಮಾನಸಿಕ ತೊಂದರೆ ಇದ್ದಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆದಿರಲಿಲ್ಲ.

ಇನ್ನೊಂದು ಮಾತು. ಜರಡಿ ಹಿಡಿದ ಮೇಲೆ ಮುಂದೇನು? ಸೋಸಿ ರಾಶಿ ಮಾಡಿ ಮಳೆಯಲ್ಲಿ ಬಿಟ್ಟರೆ ಸೋಸಿದ್ದೇ ವ್ಯರ್ಥ. “ನಿನಗೆ ತೊಂದರೆ ಇದೆ” ಎಂದು ಹೇಳಿ ಕೈಬಿಡುವುದು ಕ್ರೌರ್ಯ. ಅಂಕ ಹೆಚ್ಚು ಬಂದವರೆಲ್ಲ ರೋಗಿಗಳೂ ಅಲ್ಲ. ವೈದ್ಯರು ನೋಡಿ ನಿರ್ಧರಿಸಬೇಕು.

ಆದುದರಿಂದ ಬರುವ ಸರ್ವಸದಸ್ಯರ ಸಭೆಯ ಮುಂದೆ ಈ ಸಲಹೆಗಳನ್ನು ಇಡಬಯಸುತ್ತೇವೆ:

1. ಪ್ರತಿ ತಾಲ್ಲೂಕಿನಲ್ಲಿ ಗಂಡಸರು, ಹೆಂಗಸರು, ತೋಟದ ಆಳುಗಳು ಬೇರೆ ಬೇರೆಯಾಗಿ ಹತ್ತು ಹನ್ನೆರಡು ಮಂದಿ ಕುಳಿತು, ಪ್ರಶ್ನೆಗಳನ್ನು ಓದಿಸಿ, ತಮಗೆ ಏನು ತಿಳಿಯಿತೆಂದು ತಮ್ಮ ಮಾತಿನಲ್ಲಿ ಹೇಳಬೇಕು. ಅದನ್ನು ಬರೆದು ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಒಪ್ಪಿಸಬೇಕು. ಅಳತೆ ಸರಿಯೇ ಎಂದು ಪರೀಕ್ಷಿಸುವುದು ತಜ್ಞರ ಕೆಲಸ. ಮಾತು ಕೊಡುವುದು ನಮ್ಮ ಕೆಲಸ.

2. ಬ್ಯಾಡಗಿಯ ಮಾತು ಕೊಪ್ಪಕ್ಕೆ ನಡೆಯದು, ಕೊಪ್ಪದ ಮಾತು ಕೊಡಗಿಗೆ ನಡೆಯದು. ಕಾಫಿ ತೋಟದ ಲೈನುಗಳಲ್ಲಿ ಕನ್ನಡವೇ ಬಾರದ ಕೂಲಿಗಳೂ ಇದ್ದಾರೆ. ಒಂದೇ ಹಾಳೆ ಎಲ್ಲರಿಗೂ ಎಂಬ ಹಟ ಬೇಡ.

3. ಒಬ್ಬರನ್ನೇ ಕೇಳಲು ಸಂಘದ ಕಟ್ಟಡದಲ್ಲಿ ವಾರಕ್ಕೊಂದು ದಿನ ಒಂದು ಕೋಣೆ ಬಿಟ್ಟುಕೊಡಬೇಕು. ಆದರೆ ತುಂಬಿದ ಹಾಳೆಯನ್ನು ಸಂಘದ ಕಾರ್ಯದರ್ಶಿಯಾಗಲಿ ನಿರ್ದೇಶಕರಾಗಲಿ ನೋಡಕೂಡದು. ಸಾಲ ಮಂಜೂರಾತಿಗೂ ಅದಕ್ಕೂ ಸಂಬಂಧ ಇರಕೂಡದು.

4. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಧಾರಣೆ ಬರೆಯುವ ಫಲಕದಲ್ಲೇ ಬರೆಯಬೇಕು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

5. ಬೆಳೆಗೆ ಹೊಡೆಯುವ ಔಷಧಿಗಳನ್ನು ಮನೆಯೊಳಗೆ ತೆರೆದಿಡಬಾರದು. ಬೀಗ ಹಾಕುವ ಪೆಟ್ಟಿಗೆಗಳನ್ನು ಸಂಘವು ಅಸಲು ದರದಲ್ಲಿ ಒದಗಿಸಲಿ. ಕೆಟ್ಟ ಗಳಿಗೆಯಲ್ಲಿ ಒಂದು ಬೀಗ ಒಂದು ಜೀವ ಉಳಿಸೀತು.

ಇದಕ್ಕೆಲ್ಲ ದೊಡ್ಡ ಹಣ ಬೇಕಾಗಿಲ್ಲ. ಹಾಳೆ ತಿದ್ದುವವರೆಗೆ ಕಾಯಬೇಕಾಗಿಯೂ ಇಲ್ಲ. ಪಕ್ಕದ ತೋಟದವನು ಗೊನೆ ಇಳಿಸಲು ಬರದಿದ್ದರೆ, ಸಂತೆಗೆ ಬರುವುದನ್ನು ಬಿಟ್ಟಿದ್ದರೆ, ಮೋಟಾರು ಶೆಡ್ಡಿನ ತನಕ ಆತನೊಡನೆ ನಡೆಯಿರಿ. ಖಿನ್ನತೆ ಇದೆಯೇ ಎಂದು ಕೇಳಬೇಡಿ. “ಯಾಕೋ ತಮ್ಮಾ, ಉಮೇದಿಲ್ಲೇನು? ನಿದ್ದಿ ಹತ್ತತೈತೇನು?” ಎಂದು ಕೇಳಿ. ಕೇಳಿದ ಮೇಲೆ, ನಾವು ಮಾಡಿದ ಹಾಗೆ ಮಳೆಯ ಮಾತು ಹೇಳಿ ಎದ್ದು ಬರಬೇಡಿ. ಆತನ ಉತ್ತರ ಮುಗಿಯುವವರೆಗೆ ಕುಳಿತಿರಿ.